ಒಂಬತ್ತು ಗುರಿ, ಒಂದೇ ಏಟು: ಇಳಿಮುಖ ತುಷ್ಟಿಗುಣದ ಒಂದು ಪ್ರಯೋಗ



ದಸರಾ ರಜೆಗೆ ಮುಂಚಿನ ಕೊನೆಯ ಕ್ಲಾಸಿನಲ್ಲಿ ನಮ್ಮ ಅರ್ಥಶಾಸ್ತ್ರದ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟರು. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಪ್ರತಿಯೊಬ್ಬರೂ ಸ್ವಂತ ಅನುಭವದಲ್ಲಿ ಪರೀಕ್ಷಿಸಿ ಪಟ್ಟಿ ಮಾಡಿಕೊಂಡು ಬರಬೇಕು. ಒಂದೇ ಷರತ್ತು, ಸೇಬು, ಕಿತ್ತಳೆ, ಸಮೋಸ ಬೇಡ. "ಹೋದ ವರ್ಷ ಇಡೀ ಕ್ಲಾಸೇ ಸಮೋಸ ತಿಂದಿತ್ತು. ಎಲ್ಲರಿಗೂ ಸರಿಯಾಗಿ ಐದನೆಯದಕ್ಕೇ ಹೊಟ್ಟೆ ತುಂಬಿದೆ, ಒಬ್ಬನಿಗೂ ನಾಲ್ಕಕ್ಕೆ ಸಾಕಾಗಿಲ್ಲ" ಎಂದರು. ಪಟ್ಟಿಯ ಕೊನೆಯಲ್ಲಿ 'ಅವಕಾಶ ವೆಚ್ಚ' ಎಂಬ ಕಾಲಂ ಕಡ್ಡಾಯವಾಗಿ ಇರಲಿ ಎಂದೂ ಹೇಳಿದರು. ಆ ಕಾಲಂ ನನ್ನನ್ನು ಎಷ್ಟು ಕಾಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾನು ಆರಿಸಿಕೊಂಡದ್ದು ಒಂದು ವಿಡಿಯೊ ಗೇಮ್. ನಗಬೇಡಿ, ಮೇಡಂ ಕೂಡ ಮೊದಲು ನಕ್ಕಿದ್ದರು.

ಮೊದಲು ನಿಯಮವನ್ನು ನೋಡೋಣ. ಒಂದೇ ವಸ್ತುವಿನ ಘಟಕಗಳನ್ನು ಒಂದರ ನಂತರ ಒಂದರಂತೆ ಅನುಭೋಗಿಸುತ್ತಾ ಹೋದರೆ, ಪ್ರತಿ ಹೆಚ್ಚುವರಿ ಘಟಕದಿಂದ ಸಿಗುವ ತುಷ್ಟಿಗುಣ ಕಡಿಮೆಯಾಗುತ್ತಾ ಹೋಗುತ್ತದೆ. ಸೀಮಾಂತ ತುಷ್ಟಿಗುಣ ಸೊನ್ನೆಗೆ ಬಂದಾಗ ಒಟ್ಟು ತುಷ್ಟಿಗುಣ ಗರಿಷ್ಠ ಮಟ್ಟದಲ್ಲಿರುತ್ತದೆ. ಅದರಾಚೆಗೆ ಸೀಮಾಂತ ಋಣಾತ್ಮಕವಾಗಿ, ಒಟ್ಟು ತುಷ್ಟಿಗುಣವೂ ಇಳಿಯುತ್ತದೆ. ಇದನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಜರ್ಮನಿಯ ಹರ್ಮನ್ ಹೆನ್ರಿಕ್ ಗೊಸೆನ್ ಮುಖ್ಯ. ಅವರ ಪುಸ್ತಕ 1854ರಲ್ಲಿ ಬಂತು, ಆದರೆ ಮಾರಾಟವಾಗಲಿಲ್ಲ. ಬೇಸತ್ತ ಗೊಸೆನ್ ಉಳಿದ ಪ್ರತಿಗಳನ್ನು ವಾಪಸ್ ತರಿಸಿಕೊಂಡರು, 1858ರಲ್ಲಿ ತೀರಿಕೊಂಡರು. ನಂತರ ಇಂಗ್ಲೆಂಡಿನ ಜೆವನ್ಸ್ ಆ ಪುಸ್ತಕಕ್ಕೆ ಮರ್ಯಾದೆ ಸಿಗುವಂತೆ ಮಾಡಿದರು. 1890ರಲ್ಲಿ ಆಲ್‌ಫ್ರೆಡ್ ಮಾರ್ಷಲ್ ಬರೆದ ಗ್ರಂಥದ ಮೂಲಕ ಈ ನಿಯಮ ಎಲ್ಲ ಪಠ್ಯಪುಸ್ತಕಗಳಿಗೂ ಬಂತು. ಜನರಿಗೆ ಯಾವುದು ಯಾಕೆ ಬೇಸರ ತರಿಸುತ್ತದೆ ಎಂದು ಸರಿಯಾಗಿ ಹೇಳಿದ ಪುಸ್ತಕವನ್ನು ಕೊಳ್ಳುವವರೇ ಇರಲಿಲ್ಲ. ಆದರೆ ನಾನು ಹೇಳಹೊರಟಿರುವ ಬೇಸರದ ಆಟ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಆ ಆಟ 'ಅಸ್ಯಾಸಿನ್ಸ್ ಕ್ರೀಡ್'. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೊ ಮಾಡಿದ್ದು, 2007ರ ನವೆಂಬರ್‌ನಲ್ಲಿ ಬಿಡುಗಡೆಯಾದದ್ದು. ಕಂಪ್ಯೂಟರಿಗೆ 2008ರಲ್ಲಿ ಬಂತು. ಅಂದರೆ ಅದು ನನಗಿಂತಲೂ ಹಳೆಯದು. ರಿಯಾಯಿತಿಯಲ್ಲಿ ಸಿಕ್ಕಿತು. ನನ್ನ ಈದಿಯಿಂದ 150 ರೂಪಾಯಿ, ಒಂಬತ್ತನೇ ತರಗತಿಯ ತಮ್ಮನ ಈದಿಯಿಂದ 100, ಒಟ್ಟು ಬಂಡವಾಳ 250. ಲಾಭ ಹಂಚಿಕೆಯ ಅನುಪಾತ 3:2, ಅಂದರೆ ನಾನು ಮೂರು ಗಂಟೆ ಆಡಿದರೆ ಅವನು ಎರಡು. ಪಾಲುದಾರಿಕೆ ಪತ್ರವನ್ನು ಬರೆದಿರಲಿಲ್ಲ. ಅದು ತಪ್ಪಾಯಿತು, ಕಾರಣ ಮುಂದೆ ಹೇಳುತ್ತೇನೆ.

ಇದನ್ನೇ ಯಾಕೆ ಕೊಂಡೆವು ಎಂದರೆ, ಕಥೆ ನಡೆಯುವುದು 1191ರಲ್ಲಿ, ಮೂರನೇ ಕ್ರುಸೇಡ್ ಯುದ್ಧದ ಕಾಲದಲ್ಲಿ. ಸುಲ್ತಾನ್ ಸಲಾಹುದ್ದೀನ್ 1187ರಲ್ಲಿ ಜೆರುಸಲೇಮನ್ನು ಗೆದ್ದಾಗಿದೆ. ಇಂಗ್ಲೆಂಡಿನ ರಿಚರ್ಡ್ ಬಂದು ಆಕ್ರೆ ಕೋಟೆಯನ್ನು ವಶಪಡಿಸಿಕೊಂಡಿದ್ದಾನೆ. (ಆಕ್ರೆಗೆ ಅರಬ್ಬಿಯಲ್ಲಿ ಅಕ್ಕಾ ಎನ್ನುತ್ತಾರೆ. ಇದನ್ನು ಕೇಳಿ ತಮ್ಮ ಒಂದು ಇಡೀ ಸಂಜೆ ನಕ್ಕ.) ನಾನು ಆಡಿದ ಬೇರೆ ಯುದ್ಧದ ಆಟಗಳಲ್ಲಿ ಅರಬ್ಬಿ ಮಾತನಾಡುವವನು ಗೋಡೆಯ ಹಿಂದಿನಿಂದ ಎದ್ದುಬಂದು ಗುಂಡು ತಿಂದು ಬೀಳುವವನು, ಅಷ್ಟೇ. ಇಲ್ಲಿ ನಾಯಕನ ಹೆಸರೇ ಅಲ್ತಾಯಿರ್ ಇಬ್ನ್ ಲಾ ಅಹದ್. ತಾಯಿರ್ ಅಂದರೆ ನಮ್ಮ ಮನೆಯ ಉರ್ದುವಿನಲ್ಲೂ ಹಕ್ಕಿ. ಲಾ ಅಹದ್ ಅಂದರೆ ಯಾರೂ ಅಲ್ಲ. ಅವನ ಗುರುವಿಗೆ ಎಲ್ಲರೂ ಮುಅಲ್ಲಿಮ್ ಎನ್ನುತ್ತಾರೆ. ನನಗೆ ಅಲಿಫ್ ಬೇ ಕಲಿಸಿದವರನ್ನೂ ನಾವು ಹಾಗೇ ಕರೆಯುತ್ತಿದ್ದೆವು. ದಮಾಸ್ಕಸ್ಸಿನ ಸಂತೆ, ಉಮಯ್ಯದ್ ಮಸೀದಿ, ಜೆರುಸಲೇಮಿನ ಚಿನ್ನದ ಗುಮ್ಮಟ, ಸಿರಿಯಾದಲ್ಲಿ ಇಂದಿಗೂ ನಿಂತಿರುವ ಮಸಿಯಾಫ್ ಕೋಟೆ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಗೋಪುರದ ತುದಿ ಹತ್ತಿ ಇಡೀ ದಮಾಸ್ಕಸ್ ನೋಡಿದ ಮೊದಲ ಸಂಜೆ ಅಮ್ಮಿಯನ್ನೂ ಕರೆದು ತೋರಿಸಿದೆ. ಅಮ್ಮಿ ಎರಡು ನಿಮಿಷ ನಿಂತು ನೋಡಿ, "ಚೆನ್ನಾಗಿದೆ, ಇವನು ಬೀಳುವುದಿಲ್ಲವಾ?" ಎಂದರು.

ಆಟದ ಕೆಲಸ ಇಷ್ಟು. ಅಲ್ತಾಯಿರ್ ಒಂಬತ್ತು ಜನರನ್ನು ಕೊಲ್ಲಬೇಕು. ಪ್ರತಿಯೊಬ್ಬನಿಗಾಗಿ ಕುದುರೆ ಏರಿ ನಗರಕ್ಕೆ ಹೋಗಬೇಕು, ಗೋಪುರ ಹತ್ತಬೇಕು. ನಂತರ ಬೆಂಚಿನ ಮೇಲೆ ಕೂತು ಬೇರೆಯವರ ಮಾತು ಕದ್ದು ಕೇಳಬೇಕು, ಇಲ್ಲವೇ ಒಬ್ಬನ ಜೇಬಿನಿಂದ ಪತ್ರ ಎಗರಿಸಬೇಕು, ಇಲ್ಲವೇ ಒಬ್ಬನನ್ನು ಮೂಲೆಗೆ ಒಯ್ದು ಗುದ್ದಿ ಬಾಯಿ ಬಿಡಿಸಬೇಕು. ಸಾಕಷ್ಟು ಸುದ್ದಿ ಸಿಕ್ಕ ಮೇಲೆ ನಗರದ ಕಚೇರಿಗೆ ಹೋಗಿ ಅನುಮತಿಯ ಗುರುತಾಗಿ ಒಂದು ಗರಿ ಪಡೆಯಬೇಕು. ಕೊಲೆ, ಓಟ, ಮತ್ತೆ ಕಚೇರಿ, ಮತ್ತೆ ಮಸಿಯಾಫ್, ಮುಅಲ್ಲಿಮ್ ಭಾಷಣ, ಮತ್ತೆ ಕುದುರೆ. ಇದು ಒಂದು ಘಟಕ. ಇಂಥವು ಒಂಬತ್ತು.

ಕತ್ತಿವರಸೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಪ್ರಯೋಗದ ಜೀವಾಳ ಅಲ್ಲೇ ಇದೆ. ಹತ್ತು ಸೈನಿಕರು ಸುತ್ತುವರಿದರೆಂದು ಇಟ್ಟುಕೊಳ್ಳಿ. ಹತ್ತೂ ಜನ ಒಟ್ಟಿಗೆ ಮೇಲೆ ಬೀಳುವುದಿಲ್ಲ. ಒಬ್ಬ ಮುಂದೆ ಬರುತ್ತಾನೆ, ಉಳಿದವರು ಕತ್ತಿ ಹಿಡಿದು ಕಾಯುತ್ತಾರೆ, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ. ನೀವು ತಡೆಯುವ ಗುಂಡಿ ಒತ್ತಿ ಹಿಡಿಯುತ್ತೀರಿ. ಅವನು ಕತ್ತಿ ಬೀಸಿದ ಕ್ಷಣ ಹೊಡೆಯುವ ಗುಂಡಿ ಒತ್ತುತ್ತೀರಿ. ಅಲ್ತಾಯಿರ್ ತಿರುಗಿ ಅವನ ಕೈ ಮುರಿದೋ ಕೊರಳಿಗೆ ಚುಚ್ಚಿಯೋ ಬೀಳಿಸುತ್ತಾನೆ. ಮೊದಲ ಸಲ ನೋಡಿದಾಗ ಇಬ್ಬರೂ 'ಮಾಷಾ ಅಲ್ಲಾ' ಎಂದು ಕಿರುಚಿದೆವು. ಆಮೇಲೆ ಎರಡನೆಯವನು ಬರುತ್ತಾನೆ. ಅದೇ ಎರಡು ಗುಂಡಿ. ಮೂರನೆಯವನಿಗೂ ಅದೇ. ಹೊಸ ಆಯುಧಗಳನ್ನು, ಹೊಸ ವಿದ್ಯೆಗಳನ್ನು ಆಟ ಕೊಡುತ್ತಾ ಹೋಗುತ್ತದೆ, ನಿಜ. ಆದರೆ ಈ ಒಂದು ಏಟು ಸಾಕಾಗಿರುವಾಗ ಅವುಗಳ ಅಗತ್ಯ ಬರುವುದು ಕಡಿಮೆ. ಒಬ್ಬ ಬುದ್ಧಿವಂತ ಅನುಭೋಗಿ ಕಡಿಮೆ ಶ್ರಮದ ದಾರಿಯನ್ನೇ ಹಿಡಿಯುತ್ತಾನೆ ಎಂದು ನಮ್ಮ ಪುಸ್ತಕವೇ ಹೇಳುತ್ತದಲ್ಲ.

ಈಗ ಪಟ್ಟಿ. ಪ್ರತಿ ಗುರಿ ಮುಗಿದ ತಕ್ಷಣ, ತಮ್ಮನ ಎದುರಿಗೇ, ಹತ್ತಕ್ಕೆ ಇಷ್ಟು ಎಂದು ಅಂಕ ಬರೆದೆ. ಮೊದಲನೆಯವನು ದಮಾಸ್ಕಸ್ಸಿನ ಆಯುಧ ವ್ಯಾಪಾರಿ ತಾಮಿರ್, ಅಂಕ 9. ಎರಡನೆಯವನು ಆಕ್ರೆಯ ಆಸ್ಪತ್ರೆಯಲ್ಲಿ ರೋಗಿಗಳನ್ನು ಹಿಂಸಿಸುವ ಗಾರ್ನಿಯೆ, 8. (ಇತಿಹಾಸದ ಗಾರ್ನಿಯೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಸೂಫ್ ಕದನದಲ್ಲಿ ಹೋರಾಡಿದ. ಆಟ ಅವನನ್ನು ಅದಕ್ಕೂ ಮೊದಲೇ ಮುಗಿಸಿಬಿಡುತ್ತದೆ. ಇತಿಹಾಸದ ಸರ್ ಗಮನಿಸಬೇಕು.) ಮೂರನೆಯವನು ಜೆರುಸಲೇಮಿನ ಗುಲಾಮರ ವ್ಯಾಪಾರಿ ತಲಾಲ್, 6. ನಾಲ್ಕನೆಯವನು ದಮಾಸ್ಕಸ್ಸಿನ ಶ್ರೀಮಂತ ಅಬುಲ್ ನುಕೂದ್, 5. ಈ ಹೆಸರಿಗೇ ಒಂದು ಅಂಕ ಜಾಸ್ತಿ ಕೊಟ್ಟಿದ್ದೇನೆ. ನುಕೂದ್ ಎಂಬುದು ನಕ್ದ್ ಎಂಬ ಪದದ ಬಹುವಚನ. ನಾವು ನಗದು ಪುಸ್ತಕ ಎನ್ನುವಾಗಿನ 'ನಗದು' ಅದೇ ಪದ. 'ನಗದುಗಳ ಅಪ್ಪ' ಎಂಬ ಹೆಸರಿನವನನ್ನು ವಾಣಿಜ್ಯ ವಿದ್ಯಾರ್ಥಿಯೊಬ್ಬ ಕೊಲ್ಲಬೇಕಾಗಿ ಬಂತು.

ಐದನೆಯವನು ಮಾಂಟ್‌ಫೆರಾಟಿನ ವಿಲಿಯಂ, 3. ಆರನೆಯವನು ಮಜ್ದುದ್ದೀನ್, 2. ಏಳನೆಯವನು ಆಕ್ರೆಯ ಬಂದರಿನಲ್ಲಿ ಹಡಗಿನೊಳಗೆ ಅಡಗಿಕೊಂಡು ಎಲ್ಲರ ಮೇಲೂ ಅನುಮಾನ ಪಡುವ ಸಿಬ್ರಾಂಡ್, 4. ಎಂಟನೆಯವನು ಪುಸ್ತಕ ಸುಡಿಸುವ ಜುಬೈರ್, 0. ಒಂಬತ್ತನೆಯವನು ಟೆಂಪ್ಲರ್ ಪಡೆಯ ಮುಖ್ಯಸ್ಥ ರಾಬರ್ಟ್, ಮೈನಸ್ 2.

ಒಟ್ಟು ತುಷ್ಟಿಗುಣ ಲೆಕ್ಕ ಹಾಕಿ: 9, 17, 23, 28, 31, 33, 37, 37, 35. ಸೀಮಾಂತ ಸೊನ್ನೆಯಾದ ಎಂಟನೆಯ ಘಟಕದಲ್ಲಿ ಒಟ್ಟು ತುಷ್ಟಿಗುಣ ಗರಿಷ್ಠ, ಒಂಬತ್ತಕ್ಕೆ ಇಳಿಕೆ. ರೇಖಾಚಿತ್ರ ಪಠ್ಯಪುಸ್ತಕದಲ್ಲಿ ಇರುವಂತೆಯೇ ಬಂತು, ಒಂದು ಗೂನನ್ನು ಬಿಟ್ಟು. ಏಳನೆಯ ಘಟಕದಲ್ಲಿ ರೇಖೆ 2ರಿಂದ 4ಕ್ಕೆ ಏರಿದೆ.

"ಇದು ತಪ್ಪಲ್ಲವಾ?" ಎಂದು ಮೇಡಂ ಕೇಳಿದರು. ತಪ್ಪಲ್ಲ. ನಿಯಮಕ್ಕೆ ಊಹೆಗಳಿವೆ: ಘಟಕಗಳೆಲ್ಲ ಒಂದೇ ರೀತಿ ಇರಬೇಕು, ಅನುಭೋಗ ನಿರಂತರವಾಗಿರಬೇಕು, ಅನುಭೋಗಿಯ ಅಭಿರುಚಿ ಬದಲಾಗಬಾರದು. ಸಿಬ್ರಾಂಡನ ಹಡಗಿಗೆ ಹೋಗಬೇಕಾದರೆ ದೋಣಿಯಿಂದ ದೋಣಿಗೆ, ಕಂಬದಿಂದ ಕಂಬಕ್ಕೆ ಹಾರಬೇಕು. ಅಲ್ತಾಯಿರ್‌ಗೆ ಈಜು ಬರುವುದಿಲ್ಲ! ಎಪ್ಪತ್ತು ಅಡಿ ಮೇಲಿಂದ ಹುಲ್ಲಿನ ಗಾಡಿಗೆ ಹಾರುವ ವೀರ, ನೀರಿಗೆ ಬಿದ್ದರೆ ಸತ್ತೇಹೋಗುತ್ತಾನೆ. ನಾನು ನಾಲ್ಕು ಸಲ ಮುಳುಗಿದೆ. ಬೈದುಕೊಂಡೆ, ಆದರೆ ಬೇಸರವಾಗಲಿಲ್ಲ. ಅಲ್ಲಿ ಘಟಕ ಬದಲಾಗಿತ್ತು. ಉಳಿದ ಕಡೆ ಈ ಆಟ ಮೂರು ಊಹೆಗಳನ್ನೂ ಎಷ್ಟು ನಿಷ್ಠೆಯಿಂದ ಪಾಲಿಸುತ್ತದೆಂದರೆ, ಗೊಸೆನ್ ಸಾಹೇಬರೇ ಕೂತು ಮಾಡಿಸಿದಂತಿದೆ.

ನಿಯಮಕ್ಕೆ ಅಪವಾದಗಳೂ ಇವೆ. ಅಂಚೆಚೀಟಿ, ಹಳೆಯ ನಾಣ್ಯ ಸಂಗ್ರಹಿಸುವವನಿಗೆ ಹೆಚ್ಚು ಸಿಕ್ಕಷ್ಟೂ ಹೆಚ್ಚು ತೃಪ್ತಿ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆಟ ಮಾಡಿದವರಿಗೂ ಇದು ಗೊತ್ತಿತ್ತೇನೋ. ಈ ಆಟದಲ್ಲಿ 420 ಬಾವುಟಗಳನ್ನು ಅಲ್ಲಲ್ಲಿ ಬಚ್ಚಿಟ್ಟಿದ್ದಾರೆ, ಹುಡುಕಿ ಸಂಗ್ರಹಿಸಬೇಕು. ನಾನು 61 ಹುಡುಕಿ ನಿಲ್ಲಿಸಿದೆ. ಅಪವಾದ ಕೆಲಸ ಮಾಡಲಿಲ್ಲ. ಅಂಚೆಚೀಟಿ ಸಂಗ್ರಹಿಸುವವನಿಗೆ ಪ್ರತಿ ಚೀಟಿಯೂ ಬೇರೆ ದೇಶ, ಬೇರೆ ವರ್ಷ, ಬೇರೆ ಚಿತ್ರ. ಇಲ್ಲಿ ಒಂದು ಬಾವುಟಕ್ಕೂ ಅದರ ಪಕ್ಕದ ಬಾವುಟಕ್ಕೂ ವ್ಯತ್ಯಾಸವಿಲ್ಲ, ಕಥೆಯೊಳಗೆ ಅದರಿಂದ ಸಿಗುವ ಉಪಯೋಗವೂ ಇಲ್ಲ. ಪುಸ್ತಕದಲ್ಲಿ ಹೇಳಿರುವ ಅಪವಾದವೂ ಘಟಕಗಳು ಒಂದೇ ತರಹ ಇಲ್ಲದಿರುವುದರಿಂದಲೇ ಅಪವಾದವಾಗಿದೆ ಎಂದು ನನಗೆ ಆಗ ಹೊಳೆಯಿತು. ಮುಂದಿನ ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರೋ ಇಲ್ಲವೋ.

ಈ ಆಟದ ತಂಡದಲ್ಲಿದ್ದ ಪ್ರೋಗ್ರಾಮರ್ ಚಾರ್ಲ್ಸ್ ರ್ಯಾಂಡಲ್ 2020ರಲ್ಲಿ ಒಂದು ಸಂಗತಿ ಹೇಳಿಕೊಂಡಿದ್ದರು. ಆಟ ಹೆಚ್ಚುಕಡಿಮೆ ಸಿದ್ಧವಾಗಿದ್ದಾಗ ಕಂಪನಿಯ ಮುಖ್ಯಸ್ಥರ ಮಗ ಆಡಿ ನೋಡಿ, ಬೇಸರ, ಮಾಡಲು ಏನೂ ಇಲ್ಲ ಎಂದನಂತೆ. ಐದೇ ದಿನಗಳಲ್ಲಿ ಸಣ್ಣಪುಟ್ಟ ಕೆಲಸಗಳನ್ನೆಲ್ಲ ತುಂಬಿಸಬೇಕಾಯಿತಂತೆ. ಹುಡುಗ ಹೇಳಿದ್ದು ಸರಿ. ಪರಿಹಾರ ಮಾತ್ರ ನಮ್ಮ ನಿಯಮಕ್ಕೆ ವಿರುದ್ಧ: ತುಷ್ಟಿ ಇಳಿಯುತ್ತಿರುವಾಗ ಅದೇ ವಸ್ತುವಿನ ಇನ್ನಷ್ಟು ಘಟಕಗಳನ್ನು ತಟ್ಟೆಗೆ ಹಾಕಿದರೆ ಏನಾಗುತ್ತದೆ ಎಂದು ಸಮೋಸ ತಿಂದವರನ್ನು ಕೇಳಿ. ಕಂಪನಿ ಪಾಠ ಕಲಿತದ್ದು 2009ರ ಎರಡನೇ ಭಾಗದಲ್ಲಿ. ಅದರಲ್ಲಿ ನಾಯಕ ಈಜುತ್ತಾನೆ, ಹಣ ಸಂಪಾದಿಸುತ್ತಾನೆ, ಒಂದು ಊರಿನ ಅಂಗಡಿಗಳ ಮೇಲೆ ಬಂಡವಾಳ ಹೂಡಿ ಆದಾಯ ಪಡೆಯುತ್ತಾನೆ. ಅದು ವಾಣಿಜ್ಯ ವಿಭಾಗದವರ ಆಟ.

ತಮ್ಮ ಐದನೆಯ ಗುರಿಯ ನಂತರ ನಿವೃತ್ತನಾದ. "ಭಾಯಿ, ನಾಳೆಯೂ ಇದೇ ಇರುತ್ತದೆ" ಎಂದು ಹೇಳಿ ಬ್ಯಾಟ್ ತೆಗೆದುಕೊಂಡು ಹೋದ. ಅವನು ಅರ್ಥಶಾಸ್ತ್ರ ಓದಿಲ್ಲ. ನಾನು ಓದಿದ್ದೇನೆ, ಮುಂದುವರಿಸಿದೆ. ಯಾಕೆ ಎಂದು ಪ್ರಾಮಾಣಿಕವಾಗಿ ಬರೆಯುವುದೇ ಈ ಲೇಖನದಲ್ಲಿ ಕಷ್ಟದ ಭಾಗ.

250 ರೂಪಾಯಿ ಕೊಟ್ಟಿದ್ದೇನೆ, ವಸೂಲಾಗಬೇಕು ಎಂಬುದು ಮೊದಲ ಕಾರಣ. ಇದು ತಪ್ಪು ಲೆಕ್ಕ. ಕೊಟ್ಟ ಹಣ ಆಡಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಅದು ಮುಳುಗಿದ ವೆಚ್ಚ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಒಂದೇ ವಸ್ತುವನ್ನು ಕೊಳ್ಳುವ ಅನುಭೋಗಿಯು ಸೀಮಾಂತ ತುಷ್ಟಿಗುಣ ಬೆಲೆಗೆ ಸಮವಾಗುವಲ್ಲಿ ನಿಲ್ಲಬೇಕು ಎಂದು ಓದಿದ್ದೇವೆ. ಸಮೋಸದಲ್ಲಿ ಇದು ಸುಲಭ, ಪ್ರತಿ ಸಮೋಸಕ್ಕೂ ಹಣ ಕೊಡುತ್ತೇವೆ. ಆಟಕ್ಕೆ ಒಂದೇ ಸಲ ಕೊಟ್ಟಾಗಿದೆ. ಎರಡನೇ ಗುರಿಯಿಂದ ಮುಂದಕ್ಕೆ ಪ್ರತಿ ಘಟಕದ ಬೆಲೆ ಸೊನ್ನೆ, ಆದ್ದರಿಂದ ತುಷ್ಟಿ ಸೊನ್ನೆಯಾಗುವವರೆಗೂ ಆಡಬಹುದು ಎಂದು ನನ್ನ ವಾದ. ಪ್ರಾಜೆಕ್ಟಿನಲ್ಲಿ ಹಾಗೇ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ಅವಕಾಶ ವೆಚ್ಚದ ಕಾಲಂಗೆ ಸುತ್ತು ಹಾಕಿ ವಾಪಸ್ ಕೊಟ್ಟರು. ಆ ಕಾಲಂನಲ್ಲಿ ನಾನು ಒಂಬತ್ತು ಸಲ 'ಇಲ್ಲ' ಎಂದು ಬರೆದಿದ್ದೆ.

'ಇಲ್ಲ' ಎಂಬುದು ಸುಳ್ಳು. ಅಬ್ಬಾಗೆ ಸಣ್ಣ ಅಂಗಡಿ ಇದೆ. ಲೈನಿಂಗ್ ಬಟ್ಟೆ, ಸೀರೆಗೆ ಫಾಲ್, ಲೇಸು, ದಾರ, ಗುಂಡಿ. ದಸರಾದಿಂದ ದೀಪಾವಳಿವರೆಗೆ ಟೈಲರುಗಳೂ ಹೆಂಗಸರೂ ಬರುತ್ತಲೇ ಇರುತ್ತಾರೆ. ಕೆಲಸದ ಹುಡುಗ ಆ ತಿಂಗಳಷ್ಟೇ ಬಿಟ್ಟುಹೋಗಿದ್ದ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಅಂಗಡಿಗೆ ಬರುತ್ತೀಯಾ ಎಂದು ಅಬ್ಬಾ ರಜೆಯ ಮೊದಲ ದಿನ ಕೇಳಿದ್ದರು. "ಕಾಲೇಜಿನ ಪ್ರಾಜೆಕ್ಟ್ ಇದೆ" ಎಂದೆ. ಪ್ರಾಜೆಕ್ಟ್ ಇದ್ದದ್ದು ನಿಜ. ಅಬ್ಬಾ "ಓದು, ಓದು" ಎಂದು ಒಬ್ಬರೇ ಹೋದರು. ಆರನೆಯ ಗುರಿಯ ದಿನ, ಅಂದರೆ ನಾನು 2 ಅಂಕ ಬರೆದ ದಿನ, ಅವರು ರಾತ್ರಿ ಹತ್ತೂವರೆಗೆ ಬಂದು, ಊಟಕ್ಕೆ ಕೂತಲ್ಲೇ ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು. ಕತ್ತರಿ ಹಿಡಿದು ಊದಿಕೊಂಡಿತ್ತು. ಅಮ್ಮಿ ನನ್ನ ಕಡೆ ನೋಡಿದರು. ನಾನು ಮರುದಿನ ಏಳನೆಯ ಗುರಿ ಶುರುಮಾಡಿದೆ.

ಹಾಗಾಗಿ ಕಾಲಂ ತಿದ್ದಬೇಕಾಯಿತು. ನನ್ನ ಒಂದು ಸಂಜೆಯ ಬೆಲೆಯನ್ನು ಎಷ್ಟೇ ಕಡಿಮೆ ಹಿಡಿದರೂ, ಕೆಲಸದ ಹುಡುಗನಿಗೆ ಕೊಡುತ್ತಿದ್ದ ಸಂಬಳವನ್ನೇ ಲೆಕ್ಕಕ್ಕೆ ಹಿಡಿದರೂ, ನಾನು ನಿಲ್ಲಬೇಕಿದ್ದದ್ದು ಎಂಟರಲ್ಲಲ್ಲ, ನಾಲ್ಕನೆಯದರಲ್ಲಿ. ತಮ್ಮ ನಿವೃತ್ತನಾದದ್ದು ಒಂದೇ ಒಂದು ಘಟಕ ತಡವಾಗಿ.

ರಜೆಯ ಕೊನೆಯ ಮೂರು ದಿನ ಅಂಗಡಿಗೆ ಹೋದೆ. ನನ್ನ ಕೆಲಸ ಲೈನಿಂಗ್ ಅಳೆದು ಕತ್ತರಿಸುವುದು. ಮೀಟರ್ ಕಡ್ಡಿ ಇಡು, ಗುರುತು ಮಾಡು, ಕತ್ತರಿಸು, ಮಡಚು. ಇದೂ ಎರಡು ಗುಂಡಿಯ ಆಟವೇ ಎಂದುಕೊಂಡೆ, ಬೇಸರಕ್ಕೆ ಸಿದ್ಧನಾಗಿದ್ದೆ. ಮೊದಲ ವ್ಯತ್ಯಾಸ, ಇಲ್ಲಿ ಒಬ್ಬೊಬ್ಬರಾಗಿ ಬರುವುದಿಲ್ಲ. ಆಟದ ಸೈನಿಕರಿಗಿರುವ ಶಿಸ್ತು ನಮ್ಮ ಗಿರಾಕಿಗಳಿಗಿಲ್ಲ, ಆರು ಜನ ಒಟ್ಟಿಗೆ ಕೈ ಚಾಚುತ್ತಾರೆ. ಒಬ್ಬರು ರವಿಕೆಯ ತುಂಡು ತಂದು ಅದೇ ಬಣ್ಣ ಬೇಕೆಂದರು. ನಾನು ತೋರಿಸಿದ್ದನ್ನು ಬಾಗಿಲ ಬೆಳಕಿಗೆ ಹಿಡಿದು, "ಇದು ಗಿಳಿ ಹಸಿರು, ನನಗೆ ಬೇಕಾದ್ದು ಎಲೆ ಹಸಿರು" ಎಂದು ವಾಪಸ್ ಇಟ್ಟರು. ಒಬ್ಬ ಟೈಲರ್ ಹಿಂದಿನ ಬಾಕಿ ಕೊಡದೆ ಹೊಸದು ಕೇಳಿದ. ಅಬ್ಬಾ ಅವನನ್ನು ಕೂರಿಸಿ ಚಹಾ ತರಿಸಿದರು. ಹೋಗುವಾಗ ಅರ್ಧ ಬಾಕಿ ಕೊಟ್ಟುಹೋದ. ಹೇಗೆ ಎಂದು ಇನ್ನೂ ನನಗೆ ತಿಳಿದಿಲ್ಲ. ಒಬ್ಬ ಅಜ್ಜಿ ಮೊಮ್ಮಗಳ ಲಂಗಕ್ಕೆ ಅಂಚು ಕೊಳ್ಳಲು ಬಂದು, ಅಂಚು ಕೊಳ್ಳದೆ, ಮಗನ ಕೆಲಸದ ವಿಷಯ ಅರ್ಧ ಗಂಟೆ ಹೇಳಿದರು.

ಇಪ್ಪತ್ತು ವರ್ಷದಿಂದ ಅದೇ ಬಟ್ಟೆ ಕತ್ತರಿಸಿ ಬೇಸರ ಬರಲ್ಲವಾ ಎಂದು ಅಬ್ಬಾರನ್ನು ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ. "ಬೆನ್ನು ನೋಯುತ್ತದೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಅಜ್ಜಿ ನಾಳೆ ಅಂಚಿಗೆ ಬರುತ್ತಾಳೆ, ನೀಲಿಯದು ಎತ್ತಿಡು" ಎಂದರು. ಮರುದಿನ ಅಜ್ಜಿ ಬಂದರು, ನೀಲಿಯದನ್ನೇ ಕೊಂಡರು.

ಅಂದಹಾಗೆ, ಒಂಬತ್ತನೆಯವನ ನಂತರವೂ ಆಟ ಮುಗಿಯುವುದಿಲ್ಲ. ಕೊನೆಯಲ್ಲಿ ಮುಅಲ್ಲಿಮ್ ಒಂದು ಮಾಯೆಯ ವಸ್ತು ಹಿಡಿದು, ನೀವು ಕೊಂದ ಒಂಬತ್ತೂ ಜನರ ರೂಪಗಳನ್ನು ಮತ್ತೆ ಎಬ್ಬಿಸಿ ಕಾದಾಟಕ್ಕೆ ಬಿಡುತ್ತಾನೆ. ತಡೆಯುವ ಗುಂಡಿ, ಹೊಡೆಯುವ ಗುಂಡಿ. ಅಲ್ಲಿಗೆ ನಿಲ್ಲಿಸಿದೆ. ಅಂತ್ಯ ಏನೆಂದು ಆಡಿ ಮುಗಿಸಿದ ಸಹಪಾಠಿಯಿಂದ ಕೇಳಿಕೊಂಡೆ, ಎರಡು ನಿಮಿಷ ಸಾಕಾಯಿತು.

ಪ್ರಾಜೆಕ್ಟಿಗೆ ಹತ್ತಕ್ಕೆ ಎಂಟು ಬಂತು. ತಮ್ಮ ಈಗ ತನ್ನ 100 ರೂಪಾಯಿ ಬಂಡವಾಳ ವಾಪಸ್ ಕೇಳುತ್ತಿದ್ದಾನೆ. ನಿವೃತ್ತ ಪಾಲುದಾರನಿಗೆ ಸುನಾಮದ ಪಾಲೂ ಸಲ್ಲಬೇಕು ಎಂದು ನನ್ನ ಲೆಕ್ಕಶಾಸ್ತ್ರದ ಪುಸ್ತಕದಲ್ಲೇ ಓದಿಕೊಂಡು ಬಂದಿದ್ದಾನೆ. ಈ ಸಂಸ್ಥೆಗೆ ಸುನಾಮ ಎಲ್ಲಿದೆ ಎಂದು ನಾನು, ಅದು ನಿವೃತ್ತಿಯ ದಿನದಂದು ಇತ್ತು ಎಂದು ಅವನು. ವಿಷಯ ಅಬ್ಬಾರ ಮುಂದಿದೆ.